ಖಾಲಿ ಕಾರ್ಡು

ಖಾಲಿ ಎನ್ನುತ್ತಿದೆ, ಪರದೆಯ ಮೂಲೆಯಲ್ಲಿ, ಡ್ರೋನಿನ ಮೆಮೊರಿ ಕಾರ್ಡು ಪೂರಾ ಖಾಲಿ, ಒತ್ತಿದ್ದು ನಾನೇ, ಈ ಹೆಬ್ಬೆರಳೇ, ಥಂಡಿಗೆ ಮರಗಟ್ಟಿ ನನ್ನದೋ ಪರರದೋ ತಿಳಿಯದಂತಾಗಿದೆ, ಪುಣೆಯಾಚೆಯ ಶಿರೂರಿನ ಹೊಳೆದಂಡೆ, ಬೆಳಗಿನ ಏಳು ಗಂಟೆ, ಐದು ಡಿಗ್ರಿ, ಥಂಡಿ ಹಿಡಿದರೆ ಡ್ರೋನು ನಡುಗಾಳಿಯಲ್ಲೇ ಕೈಕೊಡುತ್ತದೆ ಎಂದು ಬ್ಯಾಟರಿಯನ್ನು ಪುಣೆಯಿಂದ ಸ್ವೆಟರಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ಬಂದೆ, ಬ್ಯಾಟರಿಗೆ ಅಷ್ಟು ಜೋಪಾನ, ಬೆರಳಿಗೊಂದು ಕೈಗವಸು ಬೇಡವೇ ಬಸವಪ್ರಭು, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಾರ್ಡು ತುಂಬಿದೆ ಎಂದಿತು, ಹಳೆಯ ಮದುವೆಗಳ ವಿಡಿಯೊಗಳನ್ನು ಒಂದೊಂದಾಗಿ ಅಳಿಸಬೇಕಿತ್ತು, ಆರು ವರ್ಷದಿಂದ ಹಾಗೇ ಮಾಡಿದ್ದೇನೆ, ಮಾಧುರಿಯದೊಂದನ್ನು ಬಿಟ್ಟು ಉಳಿದದ್ದೆಲ್ಲ, ಇವತ್ತು ಎಲ್ಲವನ್ನೂ ಅಳಿಸಲೇ ಎಂದು ಅದು ಕೇಳಿದ್ದಕ್ಕೆ ಬೆರಳು ಹೂಂ ಅಂದುಬಿಟ್ಟಿತು, ಓದಲೂ ಇಲ್ಲ ನಾನು, ಬಿಸಿಲು ಬಂದೀತೆಂಬ ಅವಸರ.

ಹೆಂಡತಿ ಮಾಧುರಿ ತೀರಿಕೊಂಡು ನಾಲ್ಕು ವರ್ಷ, ಡ್ರೋನು ಕೊಂಡ ಹೊಸದರಲ್ಲಿ ಮಾಳಿಗೆಯ ಮೇಲೆ ಹಾರಿಸಿದ್ದೆ, ಸೆರಗಿಗೆ ಕೈ ಒರೆಸುತ್ತ ಬಂದಳು, ತಲೆಯೆತ್ತಿದಳು, ಬಾಯಿ ತೆರೆದಳು, ಏನೋ ಅಂದಳು, ಏನಂದಳೋ, ಈ ಯಂತ್ರ ದನಿ ಹಿಡಿಯುವುದಿಲ್ಲ, ತುಟಿ ಮಾತ್ರ ಆಡುತ್ತವೆ, ಅವತ್ತೇ ಕೇಳಿದ್ದೆ ಏನಂದಿ ಅಂತ, ಏನರ ಅಂದಿರಬೇಕು ಬಿಡ್ರಿ, ಉಣ್ಣಾಕ ಬರ್ರಿ. ದಿನಾ ನೋಡುತ್ತೇನೆ, ಉಂಡಾದ ಮೇಲೆ ಒಬ್ಬನೇ ಕೂತು, ಒಮ್ಮೆ ಬೀಳತದ್ರಿ ಅಂದಂತೆ, ಒಮ್ಮೆ ನನ್ನ ಹೆಸರು ಕರೆದಂತೆ — ಫೋಟೊ ರಗಡ ಇವೆ, ಅಲುಗಾಡುವ ಮಾಧುರಿ ಇದೊಂದೇ, ನನ್ನ ಪಕ್ಕ ಲೈಟು ಹಿಡಿದು ನಿಂತವಳು, ಕ್ಯಾಮೆರಾದ ಮುಂದೆ ಬಂದವಳಲ್ಲ, ಮಂದಿಯ ಮದುವೆಗೆಲ್ಲ ಎರಡೆರಡು ಪ್ರತಿ ಮಾಡಿಡುತ್ತೇನೆ, ಇದಕ್ಕೆ ಒಂದೂ ಇಲ್ಲ, ಕಂಪ್ಯೂಟರಿಗೆ ಹಾಕಿದರೆ ಗಿರಾಕಿಗಳ ಸಾಲಿನಲ್ಲಿ ಕೂತುಬಿಡುತ್ತಾಳೆ ಎಂದು, ಎಂಥ ಹುಚ್ಚು.

ಹೋಗಿಲ್ಲ, ಇನ್ನೂ ಹೋಗಿಲ್ಲ, ಗಾಬರಿ ಬೇಡ, ಅಳಿಸಿದ್ದು ಒಳಗೇ ಇರುತ್ತದೆ, ಅದರ ಮೇಲೆ ಹೊಸದನ್ನು ತೆಗೆಯದಿದ್ದರೆ ಸಾಕು, ಎಷ್ಟು ಜನರಿಗೆ ನಾನೇ ಹಾಗೆ ತೆಗೆದುಕೊಟ್ಟಿದ್ದೇನೆ, ಕಾರ್ಡು ಜೇಬಿಗೆ ಹಾಕಿಕೋ, ಪುಣೆಗೆ ಹೋಗು, ಮಧ್ಯಾಹ್ನದೊಳಗೆ ಬಂದುಬಿಡುತ್ತಾಳೆ. ಬೇರೆ ಕಾರ್ಡು ಮನೆಯಲ್ಲೇ ಉಳಿಯಿತು, ಅಲ್ಲಿ ನೋಡಿದರೆ ವಿಡಿಯೊ ತೆಗೆಸಿಕೊಳ್ಳಲು ಬಂದ ಜೋಡಿ, ಮುಂದಿನ ತಿಂಗಳು ಮದುವೆ, ನಿತಿನ ರಾಂಜಣಗಾಂವದ ಕಾರ್ಖಾನೆಯವನು, ಶಿವಾನಿ ತೆಳ್ಳನೆಯ ಗೌನು ತೊಟ್ಟು ಹಲ್ಲು ಕಟಕಟಿಸುತ್ತ ನಗುತ್ತಿದ್ದಾಳೆ, ಹೊಳೆಯ ಮಂಜಿನ ಮೇಲೆ ಕೆಂಪು ಹರಡಿದೆ, ಹತ್ತು ನಿಮಿಷ ಇದ್ದರೆ ಹೆಚ್ಚು.

ನಿತಿನ ಓಡಿ ಬಂದ, ಕಾಕಾ, ಏನರ ಅಡಚಣಿ ಅದ ಏನ್ರಿ, ಮಾರಿ ಯಾಕ ಹಿಂಗ ಆಗೇದ, ಇವತ್ತ ಬ್ಯಾಡಂದ್ರ ಬ್ಯಾಡ್ರಿ, ನಾಳೆ ಬರೋಣು, ನನಗ ಸೂಟಿ ಅದ — ಹೇಳು, ಎಷ್ಟು ಸಲೀಸು, ಹೆಂಡತಿ ಇದರಾಗ ಅದಾಳಪ್ಪ, ಮೂರೇ ಶಬ್ದ, ಅವಳು ಆಸ್ಪತ್ರೆಯಲ್ಲಿದ್ದಾಗಲೂ ವೈನಿ ಹ್ಯಾಂಗದಾರ ಎಂದವರಿಗೆಲ್ಲ ಏನಿಲ್ರಿ ಆರಾಮ ಅದಾಳ ಎಂದವನು ನಾನು, ಮೂರು ತಿಂಗಳು, ಗೋಡೆಯ ಕಡೆ ಮುಖ ಮಾಡಿ ಕೇಳಿದ್ದಳು, ನನ್ನ ನೋಡಾಕ ಯಾರೂ ಬರಲಿಲ್ಲೇನ್ರಿ, ಹೇಳೋ, ಈಗಲಾದರೂ ಬಾಯಿ ಬಿಡೋ — ಏನಿಲ್ಲಪ್ಪ, ಥಂಡಿ ಅಷ್ಟ, ಹೋಗಿ ನಿಂದ್ರು, ಬೆಳಕು ಹೋಗತದ.

ಯಾರಂದರು ಇದನ್ನು, ನಾನೇ, ಡ್ರೋನು ಏರಿತು, ಹೆಬ್ಬೆರಳು ಒತ್ತಿತು, ಕೆಂಪು ಚುಕ್ಕೆ, ಸೆಕೆಂಡು ಓಡುತ್ತಿವೆ, ಮಂಜಿನ ನಡುವೆ ಇಬ್ಬರೂ ಸಣ್ಣಗೆ, ಚೆನ್ನಾಗಿ ಬರುತ್ತಿದೆ, ಭಾಳ ಚೆನ್ನಾಗಿ, ಐದು, ಆರು, ಇದರಡಿಯಲ್ಲಿ ಎಲ್ಲೋ ಮಾಧುರಿ ತಲೆಯೆತ್ತಿದ್ದಾಳೆ, ಏಳು, ಯಾವ ಸೆಕೆಂಡು ಬಂದು ಅವಳ ಮೇಲೆ ಕೂತಿತೋ, ಎಂಟು, ನಿಲ್ಲಿಸು, ಒಂಬತ್ತು, ಬಾಯಿ ತೆರೆದಳು, ಹತ್ತು, ಬಾಯಿ ತೆರೆದಳು