ಜ್ವರ ಬಿಟ್ಟ ಮೇಲಿನ ರಕ್ತ

“ಜ್ವರ ಬಂದಾಗ ರಕ್ತ ತಗೊಂಡು ಹೋದ್ರಿ, ಸರಿ. ಈಗ ನನ್ನ ಸೊಸೆ ಗುಂಡುಕಲ್ಲಿನ ಹಾಗೆ ಇದ್ದಾಳೆ. ಇನ್ನೂ ಯಾಕೆ ರಕ್ತ?” ಹೊಲಿಗೆ ಅಂಗಡಿಯ ಬಾಗಿಲಿಗೆ ಅಡ್ಡ ನಿಂತು ಅತ್ತೆ ಕೇಳಿದರು.

ಎದುರಿಗಿದ್ದವಳು ಸಾಂಕ್ರಾಮಿಕ ರೋಗ ಸಂಶೋಧನಾ ಸಂಸ್ಥೆಯ ಸಹಾಯಕಿ. ಮಂಜುಗಡ್ಡೆ ತುಂಬಿದ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುವ ಅವಳಿಗೆ ಜನ ಪೆಟ್ಟಿಗೆಯಮ್ಮ ಎಂದೇ ಹೆಸರಿಟ್ಟಿದ್ದರು.

ಸೊಸೆಯೇ ಅಂಗಡಿಯ ದರ್ಜಿ. ದಿನವಿಡೀ ಸೂಜಿ ಹಿಡಿಯುವವಳಿಗೆ ತನ್ನ ಮೈಗೆ ಸೂಜಿ ಎಂದರೆ ಜೀವ ಹೋದಷ್ಟು ಹೆದರಿಕೆ. ಅತ್ತೆ ಅಡ್ಡ ನಿಂತದ್ದು ಅವಳಿಗೆ ಹಿತವೇ ಆಗಿತ್ತು. ಆದರೆ ಒಳಗೆ ಅವಳ ತಂಗಿ ಮಲಗಿದ್ದಳು. ಅದೇ ತಲೆನೋವು, ಅದೇ ನಡುಕ. ಆಸ್ಪತ್ರೆಯವರು ಅಂದಾಜಿನ ಮೇಲೆ ಮಾತ್ರೆ ಕೊಟ್ಟಿದ್ದರು. ಪಕ್ಕದ ಮನೆಯಲ್ಲೂ ಹಾಸಿಗೆ ಹಿಡಿದವರಿದ್ದರು. ತಂಗಿಗೆ ಏನಾದರೂ ಆಗಿಬಿಟ್ಟರೆ ಎಂಬ ದಿಗಿಲು ದರ್ಜಿಯನ್ನು ಬಿಡುತ್ತಿರಲಿಲ್ಲ.

“ಅಕ್ಕಾ, ಬಟ್ಟೆಗೆ ಅಳತೆ ತಗೋತೀರಿ. ಆಮೇಲೆ ಒಮ್ಮೆ ತೊಡಿಸಿ ನೋಡಲ್ವಾ?” ಎಂದಳು ಪೆಟ್ಟಿಗೆಯಮ್ಮ. “ಇದೂ ಹಾಗೇ. ಗುಣ ಆದ ಮೇಲೆ, ಮೈ ಯಾವ ರೋಗದ ಜೊತೆ ಗುದ್ದಾಡಿ ಗೆದ್ದಿತು ಅನ್ನೋ ಗುರುತು ರಕ್ತದಲ್ಲಿ ಎದ್ದು ಕಾಣುತ್ತೆ. ಮೊದಲಿನದನ್ನೂ ಇದನ್ನೂ ಹೋಲಿಸಿದ್ರೆ ಯಾವ ಜ್ವರ ಅಂತ ತಿಳಿಯುತ್ತೆ. ತಿಳಿದ್ರೆ ಇಡೀ ಓಣಿಗೆ ಸರಿಯಾದ ಔಷಧಿ.”

“ನನಗೆ ಈ ಪುರಾಣ ಬೇಡ!” ಅತ್ತೆ ಸಿಡಿದರು. “ನಾನೂ ನನ್ನ ಹಿರಿಮಗನೂ ಹಿಂದೆ ಒಟ್ಟಿಗೆ ಜ್ವರ ಬಂದು ಮಲಗಿದ್ವಿ. ನಾನು ಎದ್ದೆ. ಅವನು ಏಳಲಿಲ್ಲ. ಆಗಲೂ ಹೀಗೇ ಬಂದು ನನ್ನ ರಕ್ತ ತಗೊಂಡ್ರು. ಆಮೇಲೆ ಒಬ್ಬರಾದ್ರೂ ಬಂದು, ಅಮ್ಮಾ, ನಿನ್ನ ಮಗನನ್ನ ತಿಂದಿದ್ದು ಇದು ಅಂತ ಹೇಳಿದ್ರಾ? ಅದನ್ನ ಹೇಳು. ಆಮೇಲೆ ನನ್ನ ಸೊಸೆ ಕೈ ಮುಟ್ಟು.”

ಪೆಟ್ಟಿಗೆಯಮ್ಮ ವಾದಕ್ಕಿಳಿಯಲಿಲ್ಲ. “ಕೇಳ್ಕೊಂಡೇ ಬರ್ತೀನಿ” ಎಂದು ಹೊರಟಳು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಬಿಡು ಎಂದರು ಅತ್ತೆ. ಮರುದಿನ ಅಂಗಡಿ ತೆರೆಯುವ ಮೊದಲೇ ಅವಳು ಸಂಸ್ಥೆಯ ಹಿರಿಯ ವೈದ್ಯೆಯನ್ನು ಕರೆತಂದು ಬಾಗಿಲಲ್ಲಿ ನಿಂತಿದ್ದಳು.

ವೈದ್ಯೆ ಕತ್ತರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. “ನಿಮ್ಮ ಮನೆಗೆ ಬಂದ ಆ ಜ್ವರದಿಂದಲೇ ನಮ್ಮ ಸಂಸ್ಥೆ ಹುಟ್ಟಿದ್ದು, ಅಮ್ಮಾ. ಆಸ್ಪತ್ರೆಯ ಬಟ್ಟೆ ಒಗೆಯೋ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ ಇಟ್ಕೊಂಡು ಕೆಲವು ಹಠಮಾರಿಗಳು ಕೂತ್ರು. ಜನ ಯಾತರಿಂದ ಸಾಯ್ತಿದ್ದಾರೆ ಅಂತ ತಿಳಿಯೋ ತನಕ ಏಳಲ್ಲ ಅಂದ್ರು. ನಿಮ್ಮಂಥ ಗುಣವಾದವರ ರಕ್ತದಿಂದಲೇ ಕೊನೆಗೆ ಉತ್ತರ ಸಿಕ್ತು. ಇಲಿ ಮೈಮೇಲಿನ ಚಿಗಟದಿಂದ ಬರೋ ಜ್ವರ ಅದು. ಪ್ಲೇಗ್ ಅಲ್ಲ, ಬೇರೆಯದು. ಮಗನ ರಕ್ತ ಯಾರೂ ತೆಗೆದಿರಲಿಲ್ಲ, ಹಾಗಾಗಿ ಅವನಿಗೂ ಅದೇ ಅಂತ ಆಣೆ ಇಟ್ಟು ಹೇಳಲಾರೆ. ನಿಮಗೆ ಬಂದಿದ್ದಂತೂ ಅದೇ, ಹಳೇ ದಾಖಲೆ ನೋಡಿಯೇ ಬಂದೆ. ನಾವು ಬಂದು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಮ್ಮದು.”

ಅತ್ತೆ ಕಣ್ಣೊರೆಸಿಕೊಂಡರು. “ಈಗ ಅದಕ್ಕೆ ಔಷಧಿ ಇದೆಯಾ?”

“ಇದೆ. ಬೇಗ ಬಂದ್ರೆ ಮಾತ್ರೆಯಲ್ಲೇ ಗುಣ ಆಗುತ್ತೆ.”

ಚಿಗಟ ಎಂದದ್ದೇ ದರ್ಜಿ ಥಟ್ಟನೆ ಮೇಜಿನಡಿ ನೋಡಿದಳು. ದಿಂಬು ತುಂಬಲು ಬರುತ್ತದೆಂದು ಅವಳು ಚಿಂದಿಯನ್ನೆಲ್ಲ ಮೂಟೆ ಕಟ್ಟಿ ಅಲ್ಲೇ ಒತ್ತರಿಸಿದ್ದಳು. “ಇಲಿ ಕಾಟ ಅಂತ ನಾನೇ ಪಾಷಾಣ ಇಟ್ಟೆ. ಚಿಂದಿ ಮೂಟೆಯೊಳಗೇ ಸತ್ತು ಬಿದ್ದಿದ್ವು. ಅದಾದ ಮೇಲೇ ನನಗೆ ಜ್ವರ ಬಂದಿದ್ದು!”

“ಇಲಿ ಸತ್ರೆ ಚಿಗಟ ಸಾಯಲ್ಲ, ತಾಯಿ. ಹತ್ತಿರ ಇರೋರ ಮೈಗೆ ಹಾರುತ್ತೆ. ಮೊದಲು ಚಿಗಟಕ್ಕೆ ಮದ್ದು, ಆಮೇಲೆ ಇಲಿಗೆ ಬೋನು” ಎಂದರು ವೈದ್ಯೆ.

ದರ್ಜಿ ತೋಳು ಮೇಲಕ್ಕೇರಿಸಿದಳು. “ತಗೊಳ್ಳಿ. ಆದ್ರೆ ಏನಾಯ್ತು ಅಂತ ಬಂದು ಹೇಳ್ಬೇಕು.”

ಅತ್ತೆಯೇ ಅವಳ ಮೊಣಕೈ ಹಿಡಿದುಕೊಂಡರು. “ಅಲುಗಾಡಬೇಡ ಕಣೇ! ನೀನು ಚುಚ್ಚೋವಾಗ ಬಟ್ಟೆ ಎಂದಾದ್ರೂ ಕಿರುಚಿದೆಯಾ?”

ಪೆಟ್ಟಿಗೆಯಮ್ಮ ಮಾತು ಉಳಿಸಿಕೊಂಡಳು. ಬಂದು ಹೇಳಿದಳು: ಅದೇ ಚಿಗಟದ ಜ್ವರ. ಅಷ್ಟರಲ್ಲಿ ತಂಗಿ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳಿಗೆ ಕೊಟ್ಟ ಮಾತ್ರೆಯೇ ಸರಿ ಎಂದು ಗೊತ್ತಾಗಿ, ಓಣಿಯ ಉಳಿದ ರೋಗಿಗಳಿಗೂ ಅದೇ ಸಿಕ್ಕಿತು. ಓಣಿಗೆಲ್ಲ ಚಿಗಟದ ಮದ್ದು ಸಿಂಪಡಿಸಿದರು. ಚಿಂದಿ ಮೂಟೆಗಳು ಹೊರಬಿದ್ದವು.

ಈಗ ಪೆಟ್ಟಿಗೆಯಮ್ಮನಿಗಿಂತ ಮುಂದೆ ಅತ್ತೆಯೇ ಮನೆ ಮನೆಯ ಬಾಗಿಲು ಬಡಿಯುತ್ತಾರೆ. “ನನ್ನ ಮಗನ ಹೊತ್ತಿಗೆ ಉತ್ತರ ಇರಲಿಲ್ಲ. ನಿಮ್ಮ ಮಕ್ಕಳಿಗಾದ್ರೂ ಸಿಗಲಿ. ಬಾಗಿಲು ತೆಗೀರಿ!”

ನಿಮ್ಮ ಬಾಗಿಲಿಗೂ ಅಂಥ ಪೆಟ್ಟಿಗೆ ಬಂದೀತು. ಜ್ವರ ಬಿಟ್ಟಿತಲ್ಲ ಎಂದು ವಾಪಸ್ ಕಳಿಸಬೇಡಿ. ಯಾಕೆ ಎಂದು ಕೇಳಿ, ಒಪ್ಪಿಗೆಯಾದರೆ ತೋಳು ಚಾಚಿ. ಉತ್ತರ ಏನೆಂದು ಪಟ್ಟು ಹಿಡಿದು ಕೇಳಿ. ಇವತ್ತು ನೀವು ಗೆದ್ದ ಜ್ವರ ನಾಳೆ ಪಕ್ಕದ ಮನೆಯ ಮಗುವಿಗೆ ಬಂದರೆ, ಆ ಮಗುವನ್ನು ಎಬ್ಬಿಸಿ ಕೂರಿಸುವ ಉತ್ತರ ನಿಮ್ಮ ರಕ್ತದಲ್ಲಿ ಇದ್ದೀತು.