ಕ್ಯಾಲೊಮೆಲ್ ಕಲ್ಲು

ಬ್ರಿಟಿಷ್ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿತೆಂದು ಮಡಿಕೇರಿಯಲ್ಲಿ ತೋರಣ ಕಟ್ಟಿದ ವರ್ಷ ಅದು. ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾಗೇಶ್ವರ ಕಂಪೌಂಡರಾಗಿದ್ದ. ಮಡಿಕೇರಿಯ ಅರ್ಚಕರ ಮನೆಯವನು. ಪೂಜೆಗೆ ನಿಲ್ಲದೆ ಒಂದೂವರೆ ವರ್ಷ ಔಷಧ ಅರೆಯುವುದನ್ನೂ ಗಾಯ ಕಟ್ಟುವುದನ್ನೂ ಕಲಿತು ಇಲ್ಲಿಗೆ ಬಂದಿದ್ದ. ಲೈನೆಂಬ ಸಾಲುಮನೆಗಳಲ್ಲಿದ್ದ ಆಳುಗಳು ಅವನನ್ನು ‘ಡಾಕ್ಟ್ರಯ್ಯ’ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಎಸ್ಟೇಟಿನ ಬಿಳಿ ದೊರೆಗೆ ಕಲ್ಲುಗಳ ಹುಚ್ಚು. ಮಳೆಗಾಲದ ಒಂದು ಮಧ್ಯಾಹ್ನ ನಾಗೇಶ್ವರನನ್ನು ಬಂಗಲೆಗೆ ಕರೆಸಿ, ಕಪ್ಪು ಬಟ್ಟೆ ಬಿಚ್ಚಿ ಅಡಕೆಯಷ್ಟು ದೊಡ್ಡ ಚೂರೊಂದನ್ನು ಅಂಗೈಗೆ ಹಾಕಿದ. ಗಾತ್ರಕ್ಕೆ ಮೀರಿದ ಭಾರ. ಎಮ್ಮೆಯ ಕೊಂಬನ್ನು ತೆಳ್ಳಗೆ ಹೆರೆದಂತೆ ಹಳದಿ ಬೂದು ಬಣ್ಣ, ಅಂಚಿನಲ್ಲಿ ಬೆಳಕು ಹಾಯುತ್ತಿತ್ತು.

“ನಿನ್ನ ಬಾಟಲಿಯಲ್ಲಿರುವ ಕ್ಯಾಲೊಮೆಲ್ ಇದೇ. ಅದನ್ನು ಮನುಷ್ಯರು ಮಾಡಿದ್ದು. ಇದು ಭೂಮಿಯಲ್ಲೇ ಹುಟ್ಟಿದ್ದು” ಎಂದ ದೊರೆ. ಪಾದರಸದ ಗಣಿಗಳಿರುವ ಕಡೆ, ಕೆಂಪು ಇಂಗಳೀಕದ ಬಂಡೆಯ ಬಿರುಕಿನಲ್ಲಿ, ಅದೂ ತೀರ ಅಪರೂಪಕ್ಕೆ ತೆಳು ಹೊಪ್ಪಳೆಯ ಹಾಗೆ ಕೂತಿರುತ್ತದಂತೆ. ಇದು ಸ್ಪೇನ್ ದೇಶದ್ದು, ಕೊಡಗಿನ ಬೆಟ್ಟ ಅಗೆದರೆ ಸಿಗುವಂಥದ್ದಲ್ಲ. ಚಾಕುವಿಗೆ ಮೇಣದಂತೆ ಕೊರೆಯಲು ಬರುತ್ತದೆ. ಕೆಂಡದ ಮೇಲಿಟ್ಟರೆ ಕರಗದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಬೆಳಕಿಗಿಟ್ಟರೆ ಕಪ್ಪಾಗುತ್ತದೆ, ಅದಕ್ಕೇ ಕಪ್ಪು ಬಟ್ಟೆ. ಪಾದರಸದಿಂದಲೇ ಆಗುವ ಸಬ್ಲಿಮೇಟ್ ಎಂಬ ಬಿಳಿ ವಿಷವೂ ನೋಡಲು ಇದರ ಪುಡಿಯಂತೆಯೇ ಇರುತ್ತದೆ. ಸುಣ್ಣದ ತಿಳಿನೀರು ಬಿಟ್ಟರೆ ಒಂದು ಕಪ್ಪಾಗುತ್ತದೆ, ಇನ್ನೊಂದು ಹಳದಿ. ದೊರೆ ಇಷ್ಟನ್ನೂ ಹೇಳಿದ. ಔಷಧದ ಕೋಣೆಯ ಮುಂದೆ ಜನ ಕಾಯುತ್ತಿದ್ದುದರಿಂದ ನಾಗೇಶ್ವರ ಅರ್ಧ ಕೇಳಿದ, ಅರ್ಧಕ್ಕೆ ತಲೆಯಾಡಿಸಿದ.

ಔಷಧದ ಬೀರುವಿನಲ್ಲಿ ಆ ಎರಡು ಪುಡಿಗಳೂ ಇದ್ದವು. ಜ್ವರ ಬಂದವರಿಗೆ ಮೊದಲು ಕ್ಯಾಲೊಮೆಲ್ ಕೊಟ್ಟು ಹೊಟ್ಟೆ ತೊಳೆಯುವುದು ಆಗಿನ ಪದ್ಧತಿ. ಸಬ್ಲಿಮೇಟನ್ನು ದೊರೆ ತನ್ನ ಒಣಗಿಸಿದ ಗಿಡಗಳಿಗೆ ಹುಳ ಹತ್ತದಿರಲೆಂದು ತರಿಸಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದು ಎರಡೂ ಬಾಟಲಿಗಳ ಚೀಟಿಗಳು ಕಳಚಿ ಬಿದ್ದಿದ್ದವು. ಯಾವುದು ಯಾವುದರದೆಂದು ನಾಗೇಶ್ವರ ಒಂದು ಗಳಿಗೆ ಯೋಚಿಸಿದ. ದೊಡ್ಡ ಬಾಟಲಿಯೇ ಕ್ಯಾಲೊಮೆಲ್ ಇರಬೇಕು ಎಂದುಕೊಂಡು ಅಂಟು ಹಚ್ಚಿ ಅಂಟಿಸಿದ.

ಕಾಫಿ ಹಣ್ಣು ಕೀಳುವ ಪಿಕಿಂಗ್ ಶುರುವಾದ ಮೊದಲ ವಾರ, ಬಳಕೆಯ ಸೀಸೆ ಖಾಲಿಯಾಗಿ ನಾಗೇಶ್ವರ ಆ ಬಾಟಲಿ ತೆರೆದ. ಬೆಳಿಗ್ಗೆ ಮೂವರು ಬಂದರು. ಮಲ್ಲ ಚಳಿಜ್ವರದಿಂದ ನಡುಗುತ್ತಿದ್ದ, ಅಲ್ಲೇ ನಿಂತು ಪುಡಿ ನುಂಗಿ ನೀರು ಕುಡಿದ. ಮುತ್ತಿ ಮತ್ತು ಜವರಿ ತಮ್ಮ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು, ಗಂಜಿ ಕುಡಿಯುವ ಹೊತ್ತಿಗೆ ತೆಗೆದುಕೊಳ್ಳುತ್ತೇವೆಂದು ತೋಟಕ್ಕೆ ಹೋದರು.

ಸ್ವಲ್ಪ ಹೊತ್ತಿನಲ್ಲೇ ಮಲ್ಲನ ಹೆಂಡತಿ ಸಿದ್ದಿ ಓಡಿಬಂದಳು.

“ಅಯ್ಯಾ, ಬಾಯಿ ಬೆಂದೋಯ್ತು ಅಂತವ್ರೆ. ರಕ್ತ ಕಾರ್ತಾ ಅವ್ರೆ. ಬೇಗ ಬನ್ನಿ!”

ಲೈನಿನ ಜಗುಲಿಯ ಮೇಲೆ ಮಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ತುಟಿಯ ಒಳಗೆಲ್ಲ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ನಾಗೇಶ್ವರ ಅವನ ಬಾಯಿ ಅಗಲಿಸಿ ನೋಡಿದ. ಅಷ್ಟರಲ್ಲಿ ಲೆಕ್ಕಪತ್ರ ಬರೆಯುವ ಎಸ್ಟೇಟ್ ರೈಟರ್ ಪದ್ಮಯ್ಯನೂ ಬಂದ. ಇಣುಕಿ ನೋಡಿ ನಾಗೇಶ್ವರನನ್ನು ಪಕ್ಕಕ್ಕೆ ಎಳೆದ.

“ಕ್ಯಾಲೊಮೆಲ್ ಕೊಟ್ಟರೆ ವಾಂತಿ ಭೇದಿ ಆಗುವುದಿಲ್ಲವಾ ಮಾರಾಯರೇ? ನೀವು ಯಾಕೆ ಹೀಗೆ ಬೆವರುವುದು? ಜನ ನೋಡ್ತಾ ಉಂಟು.”

“ಇದು ಹಾಗಲ್ಲ, ಪದ್ಮಯ್ಯನವರೇ. ನಾನು ಬಾಟಲಿ…”

ನಾಗೇಶ್ವರ ಔಷಧದ ಕೋಣೆಗೆ ಓಡಿದ. ಎಲೆಯಡಿಕೆಗೆಂದು ಇಟ್ಟಿದ್ದ ಸುಣ್ಣವನ್ನು ನೀರಿಗೆ ಕಲಸಿ, ತಿಳಿಯನ್ನು ಮಲ್ಲನಿಗೆ ಕೊಟ್ಟಿದ್ದ ಪುಡಿಯ ಮೇಲೆ ಬಿಟ್ಟ. ಪುಡಿ ಅರಿಸಿನದಂತೆ ಹಳದಿಯಾಯಿತು. ಆದರೆ ಹಳದಿಯಾಗುವುದು ಯಾವುದು? ದೊರೆ ಹೇಳಿದ್ದನ್ನು ಎಷ್ಟು ತಿರುವಿ ಹಾಕಿದರೂ ನೆನಪಾಗಲಿಲ್ಲ. ಇನ್ನೊಂದು ಬಾಟಲಿಯ ಪುಡಿ ಕಪ್ಪಾಯಿತು. ಕಪ್ಪಾದದ್ದೇ ವಿಷವೇ? ಹಾಗಾದರೆ ಮಲ್ಲನಿಗೆ ಬೇರೇನೋ ಆಗಿದೆ, ಬದುಕುತ್ತಾನೆ. ಆ ಆಸೆ ಅವನನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿತು. ಇದು ಕ್ಯಾಲೊಮೆಲ್ಲೇ ಎಂದು ಆಣೆ ಇಟ್ಟು ಹೇಳಬಹುದಾದ ವಸ್ತು ಆ ಎಸ್ಟೇಟಿನಲ್ಲಿ ಒಂದೇ ಒಂದಿತ್ತು.

ದೊರೆ ಮಡಿಕೇರಿಗೆ ಹೋಗಿದ್ದ. ಬಂಗಲೆಯ ಕೆಲಸದ ಮಾರ ಬಾಗಿಲಿಗೆ ಅಡ್ಡ ನಿಂತ.

“ದೊರೆ ಇಲ್ದೆ ಆ ಕಲ್ಲುಗಳ್ ಪೆಟ್ಟಿಗೆ ಮುಟ್ಟಂಗಿಲ್ಲ ಅಯ್ಯ. ನನ್ ಚರ್ಮ ಸುಲಿತಾರೆ.”

“ಮಾರ, ಅಲ್ಲಿ ಒಬ್ಬ ಸಾಯ್ತಿದಾನೆ. ನನ್ನನ್ನೇ ಸುಲೀಲಿ, ಬಿಡು!”

ಅವನ ಮುಖ ನೋಡಿ ಮಾರ ಪಕ್ಕಕ್ಕೆ ಸರಿದ. ನಾಗೇಶ್ವರ ಕಪ್ಪು ಬಟ್ಟೆ ಬಿಚ್ಚಿ, ಆ ಅಪರೂಪದ ಕಲ್ಲಿನ ಮೂಲೆಯನ್ನು ಹಣ್ಣಿನ ಚಾಕುವಿನಿಂದ ಹೆರೆದ. ಬಿಳಿಪುಡಿ ತಟ್ಟೆಗೆ ಉದುರಿತು. ಜೊತೆಗೆ ತಂದಿದ್ದ ಸುಣ್ಣದ ತಿಳಿ ಎರಡು ಹನಿ ಬಿಟ್ಟ. ನೋಡುತ್ತಿದ್ದಂತೆ ಅದು ಇದ್ದಿಲಿನಂತೆ ಕಪ್ಪಾಯಿತು.

ಇನ್ನು ಅನುಮಾನವಿರಲಿಲ್ಲ. ತಾನು ಕೊಟ್ಟದ್ದು ವಿಷ.

“ಮೊಟ್ಟೆ! ಎಲ್ಲರ ಮನೆಯಿಂದಲೂ ಕೋಳಿಮೊಟ್ಟೆ ತಾ, ಬಿಳಿಯದನ್ನು ಮಾತ್ರ ಮಲ್ಲನಿಗೆ ಕುಡಿಸಲಿಕ್ಕೆ ಹೇಳು” ಎಂದು ಮಾರನಿಗೆ ಕೂಗಿ, ಅಡುಗೆಮನೆಯಲ್ಲಿದ್ದ ನಾಲ್ಕು ಮೊಟ್ಟೆಗಳನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು ಅವನು ತೋಟದೊಳಗೆ ನುಗ್ಗಿದ. ಸಬ್ಲಿಮೇಟ್ ನುಂಗಿದವರಿಗೆ ಮೊಟ್ಟೆಯ ಬಿಳಿ ಕೊಡಬೇಕೆಂದು ಕಲಿತದ್ದು ಮಾತ್ರ ಮರೆತಿರಲಿಲ್ಲ. ಆಳೆತ್ತರದ ಕಾಫಿಗಿಡಗಳ ಸಾಲಿನಲ್ಲಿ ಯಾರು ಎಲ್ಲಿದ್ದಾರೆಂದು ಕಾಣುತ್ತಿರಲಿಲ್ಲ. “ಮುತ್ತೀ! ಜವರೀ! ಪುಡಿ ತಿನ್ನಬೇಡಿ!” ಎಂದು ಕೂಗುತ್ತ ಓಡಿದ. ಎಲ್ಲೋ ಯಾರೋ ನಕ್ಕರು, ಯಾರೋ ಹಾಡು ನಿಲ್ಲಿಸಿದರು. ಕೊಂಬೆ ತಗುಲಿ ಅಂಗಿ ಹರಿಯಿತು, ಎರಡು ಮೊಟ್ಟೆ ಒಡೆದು ತೊಡೆಯ ಮೇಲೆ ಸುರಿಯಿತು.

ಜವರಿ ಸಿಕ್ಕಿದಳು. ಪೊಟ್ಟಣ ಇನ್ನೂ ಸೆರಗಿನ ಗಂಟಿನಲ್ಲಿತ್ತು. ಅವನು ಕಿತ್ತುಕೊಂಡ ರಭಸಕ್ಕೆ ಅವಳು ಹೆದರಿ ಚೀರಿದಳು.

“ಮುತ್ತಿ ಎಲ್ಲಿ?”

“ತೊರೆ ತಾವ. ಈಗ್ಲೇ ಕುಡೀತೀನಿ ಅಂತ ವೋದ್ಲು.”

ಮುತ್ತಿ ತೊರೆಯ ಅಂಚಿನಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದಳು. ಪೊಟ್ಟಣ ಬರಿದಾಗಿತ್ತು. ನಾಗೇಶ್ವರ ಉಳಿದೆರಡು ಮೊಟ್ಟೆ ಒಡೆದು ಬಿಳಿಯನ್ನು ಅವಳ ಬಾಯಿಗೆ ಸುರಿದ. ಬೆರಳು ಹಾಕಿ ವಾಂತಿ ಮಾಡಿಸಿದ. ಲೈನಿಗೆ ನಡೆಸಿಕೊಂಡು ಬಂದು ಮತ್ತೆ ಮೊಟ್ಟೆ, ಮತ್ತೆ ವಾಂತಿ. ಅವಳು ಅವನ ಕೈ ಕಚ್ಚಿದಳು, ಬೈದಳು, ಅತ್ತಳು. ಸಂಜೆಗೆ ಬಾಯಿಯೆಲ್ಲ ಹುಣ್ಣಾಗಿತ್ತು, ಆದರೆ ಹೊಟ್ಟೆಯ ಉರಿ ಇಳಿದಿತ್ತು. ನಾಲ್ಕೈದು ದಿನದ ಮೇಲೆ ಅವಳು ಎದ್ದು ಓಡಾಡಿದಳು.

ಮಲ್ಲನಿಗೆ ಮೊಟ್ಟೆ ತಲುಪುವಾಗ ತಡವಾಗಿತ್ತು. ವಾಂತಿ ನಿಂತಿತು, ಮೂತ್ರವೂ ನಿಂತಿತು. ದಿನದಿಂದ ದಿನಕ್ಕೆ ಮುಖ ಊದಿತು. ನಾಗೇಶ್ವರ ಜಗುಲಿ ಬಿಟ್ಟು ಏಳಲಿಲ್ಲ. ಬಾರ್ಲಿ ನೀರು ಕುಡಿಸಿದ, ಬೆನ್ನಿಗೆ ಬಿಸಿನೀರಿನ ಬಟ್ಟೆ ಇಟ್ಟ, ತನ್ನ ಮನೆದೇವರಿಗೆ ಹರಕೆ ಹೊತ್ತ. ವಿರಾಜಪೇಟೆಯಿಂದ ಬಂದ ಡಾಕ್ಟರು ಕೈ ಚೆಲ್ಲಿ ಹೋದರು. ಮಲ್ಲ ಮಾತ್ರ ಅವನನ್ನೇ ನಂಬಿ, “ಎಂಗಾರ ಮಾಡಿ ಉಳಿಸ್ಕೊಳಿ ಡಾಕ್ಟ್ರಯ್ಯ” ಎನ್ನುತ್ತಿದ್ದ. ಆರನೆಯ ದಿನ ಬೆಳಿಗ್ಗೆ ಅವನ ಉಸಿರು ಹೋಯಿತು.

ಪದ್ಮಯ್ಯ ಸಾವಿಗೆ ಕಾರಣ ಜ್ವರ ಎಂದು ಬರೆದುಕೊಂಡಿದ್ದ.

“ದೊರೆಯೂ ಹಾಗೇ ಬರೆಯಲಿಕ್ಕೆ ಹೇಳಿದ್ದಾರೆ. ಈ ವರ್ಷ ಜ್ವರದಲ್ಲಿ ಎಷ್ಟು ಜನ ಹೋಗಲಿಲ್ಲ? ನೀವು ಬಾಯಿ ಬಿಟ್ಟರೆ ಲೈನಿನಲ್ಲಿ ಒಬ್ಬ ಆಳೂ ಉಳಿಯುವುದಿಲ್ಲ. ರಜೆ ಹಾಕಿ ಊರಿಗೆ ಹೋಗಿ” ಎಂದ.

ನಾಗೇಶ್ವರ ಗಂಟು ಕಟ್ಟಿದ್ದೂ ನಿಜ. ಸಿದ್ದಾಪುರದ ದಾರಿಯಲ್ಲಿ ಅರ್ಧ ಮೈಲಿ ನಡೆದದ್ದೂ ನಿಜ. ಆಮೇಲೆ ಕಾಲು ಮುಂದೆ ಹೋಗಲಿಲ್ಲ. ತಿರುಗಿ ಬಂದು, ಗಂಡನನ್ನು ಮಣ್ಣು ಮಾಡಿ ಕೂತಿದ್ದ ಸಿದ್ದಿಯ ಮುಂದೆ ನಿಂತ.

“ಸಿದ್ದಿ, ಮಲ್ಲ ಜ್ವರದಿಂದ ಸಾಯಲಿಲ್ಲ. ನಾನು ಕೊಟ್ಟ ಪುಡಿ ವಿಷ. ಚೀಟಿ ತಪ್ಪಾಗಿ ಅಂಟಿಸಿದವನು ನಾನೇ.”

ಅವಳು ಗೋಡೆ ಹಿಡಿದು ಎದ್ದು ನಿಂತಳು.

“ಕೊಡೋವಾಗ ಗೊತ್ತಿತ್ತಾ?”

“ಇಲ್ಲ.”

“ಯಾವ ಪುಡಿ ಅಂತಾನೇ ಗೊತ್ತಿಲ್ದೆ ಯಾಕ್ ಕೊಟ್ರಿ?”

ಸಿದ್ದಿ ಕೈಗೆ ಸಿಕ್ಕ ಮಡಕೆಯನ್ನು ಅವನತ್ತ ಬೀಸಿದಳು. ಅದು ಭುಜಕ್ಕೆ ಬಡಿದು ಚೂರಾಯಿತು. ಅವನು ಅಲುಗಲಿಲ್ಲ. ಅವಳು ನೆಲಕ್ಕೆ ಕುಸಿದು ಎದೆ ಎದೆ ಬಡಿದುಕೊಂಡು ಅತ್ತಳು. ಲೈನಿನವರೆಲ್ಲ ಸೇರಿದರು. ಅವರೆದುರಿಗೂ ಅವನು ಅದನ್ನೇ ಹೇಳಿದ. ಯಾರೋ ಒಬ್ಬ ಕೆನ್ನೆಗೆ ಹೊಡೆದ. ಹುಣ್ಣು ಬಾಯಿಯ ಮುತ್ತಿ ನಡುವೆ ಬಂದು ಕೈ ಅಡ್ಡ ಹಿಡಿದಳು.

ಕೊನೆಗೆ ಸಿದ್ದಿಯೇ ಎದ್ದಳು.

“ಇಲ್ಲಿ ಯೋಳಿದ್ನ ಸುಬೇದಾರ್ರ ಮುಂದೆ ಯೋಳ್ತೀರಾ?”

“ಹೇಳ್ತೀನಿ.”

“ಅಂಗಾರೆ ನಡೀರಿ. ನಾನೂ ಬತ್ತೀನಿ.”

ಮರುದಿನ ಬೆಳಕು ಹರಿಯುತ್ತಲೇ ಇಬ್ಬರೂ ವಿರಾಜಪೇಟೆಯ ದಾರಿ ಹಿಡಿದರು. ಸಿದ್ದಿ ಮುಂದೆ, ನಾಗೇಶ್ವರ ಹತ್ತು ಹೆಜ್ಜೆ ಹಿಂದೆ. ಮಧ್ಯಾಹ್ನ, ತಾಲೂಕಿನ ನ್ಯಾಯ ನೋಡುವ ಸುಬೇದಾರರ ಮುಂದೆ ಅವನು ಎಲ್ಲವನ್ನೂ ಹೇಳಿ ಬರೆಸಿ, ಕೆಳಗೆ ರುಜು ಹಾಕಿದ. ಸಿದ್ದಿ ಹೆಬ್ಬೆಟ್ಟು ಒತ್ತಿದಳು. ಮುಂದೆ ವಿಚಾರಣೆಯಾಗಿ ಅವನಿಗೆ ಆರು ತಿಂಗಳ ಸಜೆಯಾಯಿತು. ಅಂದು ಪೇದೆ ಒಳಗೆ ಕರೆದೊಯ್ಯುವಾಗ ನಾಗೇಶ್ವರ ಒಮ್ಮೆ ಹಿಂದಿರುಗಿ ನೋಡಿದ. ಸಿದ್ದಿ ಆಗಲೇ ಮೆಟ್ಟಿಲಿಳಿದು, ಶಿರಂಗಾಲದ ಕಡೆಗಿರುವ ತನ್ನ ತಾಯಿಯ ಮನೆಗೆ ಇಲ್ಲಿಂದ ಯಾವ ದಾರಿ ಹತ್ತಿರವೆಂದು ಗಾಡಿಯವನೊಬ್ಬನನ್ನು ಕೇಳುತ್ತಿದ್ದಳು.