ಯಾರ ಬೆನ್ನ ಹಿಂದೆ

ಮೆಕ್ಕೆಜೋಳದ ಜೊತೆ ಬೇಯಿಸಲು ಸ್ಯೋಂಬುವಾ ಮೊರದಲ್ಲಿ ಕಾಳು ಹರಡಿ ಕಲ್ಲು ಆರಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಬೇಲಿಯಾಚೆಯ ವಾಯುವಾ, ಕೈಯಲ್ಲಿ ಒಡೆದ ಮಡಕೆಯ ಚೂರು ಹಿಡಿದು ನಿಂತಿದ್ದಳು.

"ಒಲೆ ಆರೋಯ್ತು ಕಣೆ. ಒಂದೆರಡು ಕೆಂಡ ಕೊಡು."

ಕೆಂಡ ಸಿಕ್ಕಿದ ಮೇಲೂ ಅವಳು ಹೊರಡಲಿಲ್ಲ. ಮಳೆಯ ಮಾತಾಡಿದಳು, ಮೇಕೆಯ ಮಾತಾಡಿದಳು. ಆಮೇಲೆ ಕೇಳಿದಳು: "ಮೈದಾನದಲ್ಲಿ ಇವತ್ತು ಯಾರ ಹಿಂದೆ ನಿಲ್ಲೋದು ಅಂತ ಮಾಡಿದ್ದೀರಿ?"

"ದೇಶದಲ್ಲಿ ಇರೋದೇ ಒಂದು ಪಕ್ಷ, ಇಬ್ರೂ ಅದರೋರೇ ಅಲ್ವಾ. ಯಾರ ಹಿಂದೆ ನಿಂತ್ರೇನು," ಎಂದಳು ಸ್ಯೋಂಬುವಾ, ತಲೆ ಎತ್ತದೆ.

ವಾಯುವಾ ಇನ್ನೂ ಬೇಲಿ ದಾಟಿರಲಿಲ್ಲ, ಆಗಲೇ ಅವಳ ಸೂರಿನಿಂದ ದಟ್ಟವಾಗಿ ಹೊಗೆ ಏಳುತ್ತಿತ್ತು. ಒಲೆ ಆರಿಯೇ ಇರಲಿಲ್ಲ. ಸರ್ಕಾರ ನೇಮಿಸಿದ ಊರಿನ ಚೀಫ್ ದಿನವೂ ಚಹಾ ಕುಡಿಯುವುದು ವಾಯುವಾಳ ಗಂಡನ ಅಂಗಡಿಯಲ್ಲೇ.

ಈಗಿನ ಚುನಾವಣೆಗಳಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಅಭ್ಯರ್ಥಿಯ ಚಿತ್ರ ಹಿಡಿದವನ ಹಿಂದೆ, ಹಾಡಹಗಲಲ್ಲಿ, ಊರೆಲ್ಲ ನೋಡುವಂತೆ ಸಾಲುಗಟ್ಟಬೇಕು. ಕಳೆದ ಉಪಚುನಾವಣೆಯಲ್ಲಿ ಪಕ್ಕದೂರಿನ ಮೇಷ್ಟ್ರೊಬ್ಬರು ತಪ್ಪು ಸಾಲಿನಲ್ಲಿ ನಿಂತು ಉತ್ತರದ ಮರಳುಗಾಡಿಗೆ ವರ್ಗವಾಗಿದ್ದರು. ಹೆಂಡತಿ ಮಕ್ಕಳು ಇಲ್ಲೇ ಉಳಿದರು. ಸ್ಯೋಂಬುವಾಳ ಗಂಡ ಮಸಿಲಾನೂ ಮೇಷ್ಟ್ರು. ಮನೆಯಲ್ಲಿ ಇಬ್ಬರ ಮನಸ್ಸೂ ಕಣದಲ್ಲಿದ್ದ ಮುಲ್ವಾ ಅವರ ಕಡೆಗೇ; ಇಬ್ಬರಿಗೂ ಅಕ್ಷರ ಕಲಿಸಿದ, ಊರಿಗೆ ಬಾವಿ ತೋಡಿಸಿದ ಹಳೆಯ ಹೆಡ್ಮಾಸ್ಟರು. ಆದರೂ ನಿಲ್ಲುವುದು ಚೀಫ್ ಬೆಂಬಲಿಸುವ ಈಗಿನ ಸಂಸತ್ ಸದಸ್ಯ ಕಿಮೆಯು ಅವರ ಹಿಂದೆ ಎಂದು ಮಸಿಲಾ ಪಿಸುಗುಟ್ಟಿದ್ದ.

ಗಂಜಿ ಕುಡಿಯುತ್ತಿದ್ದ ಆರು ವರ್ಷದ ಕತುಂಗೆ ಬಟ್ಟಲಿನಿಂದ ಮುಖ ಎತ್ತಿದಳು. "ಅಮ್ಮಾ, ವಾಯುವಾ ಅತ್ತೆ ಮನೇಲೂ..."

"ಅವರ ಮನೆ ಸುದ್ದಿ ನಮಗ್ಯಾಕೆ ಕಂದಾ. ಕುಡಿ," ಎಂದು ಸ್ಯೋಂಬುವಾ ಮಗಳ ಗಲ್ಲದ ಗಂಜಿ ಒರೆಸಿದಳು. ಮೈದಾನದ ದಾರಿಯಲ್ಲಿ ಮಗು ಮತ್ತೆ ಬಾಯಿ ತೆರೆದಾಗ ಪುಟ್ಟ ಕೈಯನ್ನು ಮೆಲ್ಲಗೆ ಅದುಮಿದಳು.

ಮೈದಾನದಲ್ಲಿ ಕಿಮೆಯು ಅವರ ಸಾಲು ಬೇವಿನ ಮರ ದಾಟಿ ಬೆಳೆದಿತ್ತು. ಮಸಿಲಾ ಬೇರೆ ಮೇಷ್ಟ್ರುಗಳ ನಡುವೆ ನೆಲ ನೋಡುತ್ತ ನಿಂತಿದ್ದ. ಮುಲ್ವಾ ಅವರ ಚಿತ್ರ ಹಿಡಿದವನ ಹಿಂದೆ ನಾಲ್ಕಾರು ಮುದುಕರು. ಹೆಡ್ಮಾಸ್ಟರು ಪಕ್ಕದಲ್ಲೇ ಟೋಪಿ ಕೈಯಲ್ಲಿ ಹಿಡಿದು, ತಾವು ಓದಿಸಿದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಸ್ಯೋಂಬುವಾ ಅತ್ತ ತಿರುಗದೆ ಉದ್ದದ ಸಾಲಿನ ಬಾಲಕ್ಕೆ ಸೇರಿದಳು.

ಮರದ ಮರೆಯಲ್ಲಿದ್ದ ವಾಯುವಾ ಅಷ್ಟು ಹೊತ್ತೂ ಅವಳನ್ನೇ ಗಮನಿಸುತ್ತಿದ್ದಳು. ಸ್ಯೋಂಬುವಾ ನಿಂತದ್ದೇ ತಡ, ಬಿರಬಿರನೆ ಬಂದು ಬೆನ್ನ ಹಿಂದೆಯೇ ನಿಂತಳು. ನೋಡಿಕೊಂಡು ಹೋಗಿ ಚೀಫ್‌ಗೆ ಹೇಳಲಿಕ್ಕೇ ಬಂದಳು ಎಂದುಕೊಂಡಳು ಸ್ಯೋಂಬುವಾ. ಆದರೆ ಹೆಗಲಿಗೆ ತಾಗುತ್ತಿದ್ದ ಉಸಿರು ಹೆದರಿದವಳ ಉಸಿರಿನ ಹಾಗಿತ್ತು.

ಅಧಿಕಾರಿ ಸೀಟಿ ಊದಿದ. ಎಣಿಕೆ ಮುಗಿಯುವ ತನಕ ಯಾರೂ ಸಾಲು ಬಿಡಬಾರದು, ಮಾತಾಡಬಾರದು ಎಂದ. ಮೈದಾನ ಗಪ್‌ಚುಪ್ಪಾಯಿತು.

ಕತುಂಗೆ ಅಮ್ಮನನ್ನು ನೋಡಿದಳು, ಕತ್ತು ತಿರುಗಿಸಿ ವಾಯುವಾಳನ್ನು ನೋಡಿದಳು. ದಿನವೂ ಎರಡೂ ಮನೆಗಳಲ್ಲಿ ಆಡಿಕೊಂಡಿದ್ದ ಮಗು.

"ಅಮ್ಮಾ, ನಿಂಗೂ ಹೆಡ್ಮಾಸ್ಟರೇ ಬೇಕು, ಅತ್ತೆಗೂ ಹೆಡ್ಮಾಸ್ಟರೇ ಬೇಕು. ಮತ್ತೆ ಇಬ್ರೂ ಯಾಕೆ ಇಲ್ಲಿ ನಿಂತಿದ್ದೀರಿ?"